ಬಾರ್: ಒಂದು ಇಂಗ್ಲಿಷ್ ಪದದ ಹಲವು ಅರ್ಥಗಳು

ಬಾರ್ ಇಂಗ್ಲಿಷಿನಲ್ಲಿ ದಿನನಿತ್ಯ ಬಳಕೆಯಾಗುವ ಪದ. ಕಬ್ಬಿಣದ ಸರಳು, ಬಾಗಿಲ ಅಗುಳಿ, ಚಿನ್ನದ ಗಟ್ಟಿ, ವಕೀಲರ ಸಮುದಾಯ, ಮದ್ಯದಂಗಡಿ, ನದೀಮುಖದ ಮರಳು ದಿಬ್ಬ, ಪಾಶ್ಚಾತ್ಯ ಸಂಗೀತದ ತಾಳಖಂಡ, ಗಾಳಿಯ ಒತ್ತಡದ ಮಾನ ಎಲ್ಲವೂ ಆ ಭಾಷೆಯಲ್ಲಿ ಬಾರ್. ಮೇಲ್ನೋಟಕ್ಕೆ ಇವುಗಳಿಗೆ ಪರಸ್ಪರ ನಂಟಿಲ್ಲ. ಆದರೆ ಬಹುಪಾಲು ಅರ್ಥಗಳ ಬುಡದಲ್ಲಿರುವುದು ಅಡ್ಡಲಾಗಿ ಇಟ್ಟ ಉದ್ದನೆಯ ಗಟ್ಟಿ ವಸ್ತು. ಅದರ ಉದ್ದನೆಯ ಆಕಾರವನ್ನು ಹಿಡಿದು ಕೆಲವು ಅರ್ಥಗಳು ಹುಟ್ಟಿದವು. ಅದು ಮಾಡುವ ತಡೆಯುವ, ಬೇರ್ಪಡಿಸುವ ಕೆಲಸವನ್ನು ಹಿಡಿದು ಇನ್ನು ಕೆಲವು ಬೆಳೆದವು. ಒತ್ತಡದ ಮಾನ ಮತ್ತು ಕೆಲವು ವ್ಯಕ್ತಿನಾಮ, ಸ್ಥಳನಾಮಗಳು ಮಾತ್ರ ಬೇರೆ ಮೂಲದವು. ಕನ್ನಡ ಈ ಅರ್ಥಗಳಲ್ಲಿ ಕೆಲವನ್ನಷ್ಟೇ ಎರವಲು ಪಡೆದಿದೆ. ಉಳಿದವಕ್ಕೆ ಅದರಲ್ಲಿ ಮೊದಲಿನಿಂದಲೂ ಸ್ವಂತ ಪದಗಳಿವೆ.

ಮೂಲ

ಹಳೆಯ ಫ್ರೆಂಚಿನ ‘ಬಾರ್’ ಎಂಬ ಪದ ಮಧ್ಯಯುಗದಲ್ಲಿ ಇಂಗ್ಲಿಷಿಗೆ ಬಂತು. ಅದರ ಹಿಂದೆ ಇರುವುದು ಕೊನೆಗಾಲದ ಲ್ಯಾಟಿನ್ನಿನ ‘ಬರ್ರ’. ಅದಕ್ಕೂ ಹಿಂದಿನ ಮೂಲದ ವಿಷಯದಲ್ಲಿ ಭಾಷಾವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ಬಾಗಿಲು ಭದ್ರಪಡಿಸಲು ಹಿಂದೆ ಅಡ್ಡಲಾಗಿ ತೂರಿಸುವ ಮರದ ತೊಲೆಯೇ ಇಂಗ್ಲಿಷಿನಲ್ಲಿ ಈ ಪದ ಸೂಚಿಸಿದ ಹಳೆಯ ವಸ್ತುಗಳಲ್ಲೊಂದು. ಕನ್ನಡದಲ್ಲಿ ಇದನ್ನು ಅಗುಳಿ ಎನ್ನುತ್ತಾರೆ. ತಡೆಗೋಡೆಯನ್ನು ಸೂಚಿಸುವ ಬ್ಯಾರಿಯರ್, ಸರಕು ಸಾಗಣೆಯ ಮೇಲಿನ ನಿಷೇಧವನ್ನು ಸೂಚಿಸುವ ಎಂಬಾರ್ಗೊ, ಮುಜುಗರವನ್ನು ಸೂಚಿಸುವ ಎಂಬರಾಸ್ ಪದಗಳೂ ಈ ಬುಡದಿಂದಲೇ ಬಂದವು. ಮುಜುಗರವೂ ಮೂಲದಲ್ಲಿ ದಾರಿಗೆ ಎದುರಾದ ಅಡ್ಡಿಯೇ.

ಪಟ್ಟಣಗಳ ಹೆಬ್ಬಾಗಿಲಿಗೂ ಇಂಗ್ಲೆಂಡಿನಲ್ಲಿ ಈ ಹೆಸರು ನಿಂತಿದೆ. ಯಾರ್ಕ್ ನಗರದ ಕೋಟೆಬಾಗಿಲುಗಳಿಗೆ ಇಂದಿಗೂ ಮಿಕ್ಕಲ್‌ಗೇಟ್ ಬಾರ್, ಬೂತಮ್ ಬಾರ್, ಮಾಂಕ್ ಬಾರ್ ಎಂದು ಹೆಸರು. ಲಂಡನ್ ನಗರದ ಪಶ್ಚಿಮದ ಗಡಿಯಲ್ಲಿದ್ದ ಟೆಂಪಲ್ ಬಾರ್‌ನ ಉಲ್ಲೇಖ 1293ರಲ್ಲೇ ಸಿಗುತ್ತದೆ. ಆಗ ಅಲ್ಲಿದ್ದುದು ಬಹುಶಃ ಕಂಬಗಳ ನಡುವೆ ಕಟ್ಟಿದ ಸರಪಳಿಯೋ ಅಡ್ಡಪಟ್ಟಿಯೋ ಇರಬೇಕು. 1669ರಿಂದ 1672ರವರೆಗೆ ಅಲ್ಲಿ ಕಲ್ಲಿನ ಕಮಾನು ಎದ್ದಿತು. ವಾಹನ ಸಂಚಾರಕ್ಕೆ ಇಕ್ಕಟ್ಟಾಯಿತೆಂದು 1878ರಲ್ಲಿ ಅದನ್ನು ಬಿಚ್ಚಿ ಸಾಗಿಸಿದರು. 2004ರಲ್ಲಿ ಅದನ್ನು ಮತ್ತೆ ನಗರಕ್ಕೆ ತಂದು ಸೇಂಟ್ ಪಾಲ್ ಕೆಥೆಡ್ರಲ್‌ನ ಪಕ್ಕದಲ್ಲಿ ನಿಲ್ಲಿಸಿದ್ದಾರೆ.

ಸರಳು, ಕಂಬಿ, ಗಟ್ಟಿ

ಲೋಹದ ಉದ್ದನೆಯ ತುಂಡು ಈ ಪದದ ನೇರ ಅರ್ಥ. ಇಂದು ಕಟ್ಟಡದ ಕೆಲಸದಲ್ಲಿ ಬಾರ್ ಎಂದರೆ ಹೆಚ್ಚಾಗಿ ಟಿಎಂಟಿ ಬಾರ್. ಉರುಳು ಗಿರಣಿಯಿಂದ ಕೆಂಪಗೆ ಕಾದು ಬರುವ ಉಕ್ಕಿನ ಸರಳಿನ ಮೇಲೆ ನೀರನ್ನು ರಭಸದಿಂದ ಹಾಯಿಸಿದಾಗ ಹೊರಮೈ ತಟ್ಟನೆ ತಣಿದು ಗಡುಸಾಗುತ್ತದೆ. ಒಳಗೆ ಉಳಿದ ಶಾಖ ನಿಧಾನವಾಗಿ ಹೊರಗೆ ಹರಿದು ಆ ಗಡುಸನ್ನು ಹದಗೊಳಿಸುತ್ತದೆ. ಹೊರಗೆ ಬಿಗಿ, ಒಳಗೆ ಬಾಗುವ ಗುಣ ಎರಡೂ ಒಂದೇ ಸರಳಿನಲ್ಲಿ ಸೇರುವುದು ಹೀಗೆ. ಎಫ್‌ಇ 500 ಎಂಬ ದರ್ಜೆಯ ಸಂಖ್ಯೆ, ಸರಳು ಶಾಶ್ವತವಾಗಿ ಹಿಗ್ಗತೊಡಗುವ ಮುನ್ನ ತಾಳಬೇಕಾದ ಕನಿಷ್ಠ ಬಲವನ್ನು ಮೆಗಾಪಾಸ್ಕಲ್‌ಗಳಲ್ಲಿ ಹೇಳುತ್ತದೆ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 12 ಮಿಲಿಮೀಟರಿನ ಸರಳಿಗೆ ಅದು ಸುಮಾರು 0.89 ಕಿಲೋಗ್ರಾಂ. ಕಬ್ಬಿಣ ಕಟ್ಟುವವರಿಗೆ ಈ ಸೂತ್ರ ಬಾಯಿಪಾಠ. ಕೆಲಸದ ಜಾಗದಲ್ಲಿ ಅವರು ಇದನ್ನು ಕಬ್ಬಿಣ ಅಥವಾ ರಾಡು ಎನ್ನುವುದೇ ಹೆಚ್ಚು. ಬಾರ್ ಎಂಬ ಪದ ಬಿಲ್ಲಿನಲ್ಲೂ ಗೋಡೆಯ ಜಾಹೀರಾತಿನಲ್ಲೂ ಕಾಣುತ್ತದೆ. ನೆಲ ಅಗೆಯುವ, ಕಲ್ಲು ಮೀಟುವ ಕ್ರೋಬಾರ್‌ಗೆ ಕನ್ನಡದಲ್ಲಿ ಹಾರೆ ಎಂಬ ಪದ ಗಟ್ಟಿಯಾಗಿ ನಿಂತಿದೆ.

ಸೆರೆಮನೆಯ ಕಿಟಕಿಯ ಸರಳುಗಳಿಂದ ಇಂಗ್ಲಿಷಿನಲ್ಲಿ ಜೈಲುವಾಸವನ್ನು ಸೂಚಿಸುವ ನುಡಿಗಟ್ಟು ಹುಟ್ಟಿತು. ಕನ್ನಡದ್ದು ‘ಕಂಬಿ ಎಣಿಸು’. ಒಳಗಿದ್ದವನಿಗೆ ಹೊತ್ತು ಕಳೆಯಲು ಬೇರೆ ಕೆಲಸವೇ ಇಲ್ಲ ಎಂಬ ಕುಹಕವೂ ಇದರಲ್ಲಿ ಸೇರಿರುವುದರಿಂದ ಇದು ಇಂಗ್ಲಿಷಿನದಕ್ಕಿಂತ ಹರಿತವಾದ ಮಾತು. ಇದೇ ಕಂಬಿ ರೈಲು ಹಳಿಗೂ ಸಲ್ಲುತ್ತದೆ.

ಅಚ್ಚಿಗೆ ಎರೆದ ಚಿನ್ನದ ತುಂಡೂ ಇಂಗ್ಲಿಷಿನಲ್ಲಿ ಬಾರ್, ಕನ್ನಡದ ಚಿನಿವಾರ ಪೇಟೆಯಲ್ಲಿ ಗಟ್ಟಿ. ಲಂಡನ್ ಮಾರುಕಟ್ಟೆ ಒಪ್ಪುವ ದೊಡ್ಡ ಗಟ್ಟಿ ಸುಮಾರು 400 ಟ್ರಾಯ್ ಔನ್ಸ್, ಎಂದರೆ 12.4 ಕಿಲೋಗ್ರಾಂ ತೂಗುತ್ತದೆ. ಅದರ ಸಾವಿರ ಪಾಲಿನಲ್ಲಿ ಕನಿಷ್ಠ 995 ಪಾಲು ಶುದ್ಧ ಚಿನ್ನವಿರಬೇಕು.

ಸಾಬೂನು, ಚಾಕೊಲೇಟುಗಳಿಗೆ ಈ ಹೆಸರು ಬಂದದ್ದು ಆಕಾರದಿಂದ. ಬಟ್ಟೆ ಒಗೆಯುವ ಸೋಪನ್ನು ಉದ್ದನೆಯ ಪಟ್ಟಿಯಾಗಿ ಎರೆದು, ಬೇಕಾದಷ್ಟು ಕೊಯ್ದು ಮಾರುತ್ತಿದ್ದರು. ಹಳ್ಳಿಯ ಅಂಗಡಿಗಳಲ್ಲಿ ‘ಬಾರ್ ಸೋಪು’ ಎಂಬ ಮಾತು ಆ ಉದ್ದನೆಯ ಸೋಪಿಗೇ ಮೀಸಲು. ಮೈಸೋಪಿಗೆ ಅದು ಅನ್ವಯಿಸುವುದಿಲ್ಲ. ಅಚ್ಚಿನಲ್ಲಿ ಎರೆದ ತಿನ್ನುವ ಚಾಕೊಲೇಟ್ ಬಾರ್ ಅನ್ನು 1847ರಲ್ಲಿ ಬ್ರಿಸ್ಟಲ್‌ನ ಫ್ರೈ ಕಂಪನಿ ಮಾರುಕಟ್ಟೆಗೆ ತಂದಿತು. ಕರ್ನಾಟಕದಲ್ಲಿ ಅಡಿಕೆ ಮತ್ತು ಕೋಕೋ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ನ್ಯಾಯಾಲಯ

ವಕೀಲರ ಸಮುದಾಯವನ್ನು ಬಾರ್ ಎನ್ನುವ ರೂಢಿಗೆ ಕಾರಣ ಒಂದು ಮರದ ಅಡ್ಡಪಟ್ಟಿ. ಲಂಡನ್ನಿನಲ್ಲಿ ವಕೀಲಿ ಶಿಕ್ಷಣ ಕೊಡುವ ನಾಲ್ಕು ಪುರಾತನ ಸಂಸ್ಥೆಗಳಿವೆ: ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಲಿಂಕನ್ಸ್ ಇನ್, ಗ್ರೇಸ್ ಇನ್. ಅವುಗಳ ಸಭಾಂಗಣದಲ್ಲಿ ಹಿರಿಯ ಸದಸ್ಯರು ಕೂರುವ ಭಾಗವನ್ನು ವಿದ್ಯಾರ್ಥಿಗಳ ಭಾಗದಿಂದ ಅಡ್ಡಪಟ್ಟಿ ಬೇರ್ಪಡಿಸುತ್ತಿತ್ತು. ಸಾಕಷ್ಟು ಕಲಿತ ವಿದ್ಯಾರ್ಥಿಯನ್ನು ಅಣಕು ವಿಚಾರಣೆಯಲ್ಲಿ ವಾದಿಸಲು ಆ ಪಟ್ಟಿಯ ಬಳಿಗೆ ಕರೆಯುತ್ತಿದ್ದರು. ಹೀಗೆ ಕರೆಸಿಕೊಂಡವನು ಬ್ಯಾರಿಸ್ಟರ್. ನ್ಯಾಯಾಲಯಗಳಲ್ಲೂ ನ್ಯಾಯಾಧೀಶರ ಮುಂದಿನ ಜಾಗವನ್ನು ಸಾರ್ವಜನಿಕರಿಂದ ಬೇರ್ಪಡಿಸುವ ಕಟಕಟೆ ಇತ್ತು. ನ್ಯಾಯಾಧೀಶರಿಗೆ ಅವರ ಆಸನದಿಂದ ಬೆಂಚ್ ಎಂಬ ಹೆಸರು ಬಂದಂತೆ, ವಕೀಲರಿಗೆ ಅವರು ನಿಲ್ಲುವ ಸ್ಥಳದಿಂದ ಬಾರ್ ಎಂಬ ಹೆಸರು ಬಂತು.

ಮೋಹನದಾಸ ಕರಮಚಂದ ಗಾಂಧಿ 1891ರ ಜೂನ್ 10ರಂದು ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದರು. ರಾಜದ್ರೋಹದ ಆರೋಪದಲ್ಲಿ ಶಿಕ್ಷೆಯಾದ ಮೇಲೆ, 1922ರಲ್ಲಿ, ಸಂಸ್ಥೆ ಅವರ ಹೆಸರನ್ನು ತೆಗೆದುಹಾಕಿತು. 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ, ಮತ್ತೆ ಸೇರಿಸಿತು. ಡಾ. ಬಿ.ಆರ್. ಅಂಬೇಡ್ಕರ್ ಅವರು ಗ್ರೇಸ್ ಇನ್‌ನಲ್ಲಿ ಓದಿ ಬ್ಯಾರಿಸ್ಟರ್ ಆದವರು.

ಭಾರತದಲ್ಲಿ 1961ರ ವಕೀಲರ ಅಧಿನಿಯಮ ಬ್ಯಾರಿಸ್ಟರ್, ಪ್ಲೀಡರ್, ಮುಖ್ತಾರ್ ಮೊದಲಾದ ಹಳೆಯ ದರ್ಜೆಗಳ ಜಾಗದಲ್ಲಿ ಅಡ್ವೊಕೇಟ್ ಎಂಬ ಒಂದೇ ವರ್ಗವನ್ನು ತಂದಿತು. ಭಾರತೀಯ ವಕೀಲರ ಪರಿಷತ್ತೂ ರಾಜ್ಯಗಳ ಪರಿಷತ್ತುಗಳೂ ಈ ಕಾಯ್ದೆಯಡಿ ರಚನೆಯಾದವು. ಬ್ಯಾರಿಸ್ಟರ್ ಪದವಿ ದೇಶದ ಕಾನೂನಿನಿಂದ ಹೋದರೂ ಬಾರ್ ಎಂಬ ಹೆಸರು ಪರಿಷತ್ತುಗಳ ಇಂಗ್ಲಿಷ್ ನಾಮಫಲಕದಲ್ಲಿ ಉಳಿಯಿತು. ಕಾನೂನು ಪದವಿ ಪಡೆದವರು ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ ಮೊದಲು ನಡೆದದ್ದು 2011ರಲ್ಲಿ. 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಕಾನೂನಿನಲ್ಲಿ ಬಾರ್‌ಗೆ ತಡೆ ಎಂಬ ಅರ್ಥವೂ ಉಂಟು. ಅವಧಿ ಮೀರಿದ ದಾವೆಯನ್ನು ಟೈಮ್-ಬಾರ್ ಆಗಿದೆ ಎನ್ನುತ್ತಾರೆ. ಯಾವ ದಾವೆಗೆ ಎಷ್ಟು ಕಾಲ ಎಂಬುದನ್ನು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ಕೊಟ್ಟ ಸಾಲಕ್ಕೆ ಕಾಗದವಿದ್ದೂ ಮೂರು ವರ್ಷ ಸುಮ್ಮನಿದ್ದು ಕೋರ್ಟಿಗೆ ಹೋದವರಿಗೆ ಈ ಅರ್ಥ ಚೆನ್ನಾಗಿ ಗೊತ್ತಿರುತ್ತದೆ.

ಸದನದ ಬಾರ್

ಶಾಸನಸಭೆಗಳಲ್ಲೂ ಒಂದು ಬಾರ್ ಇದೆ. ಸದಸ್ಯರಲ್ಲದವರು ಅದನ್ನು ದಾಟಿ ಒಳಗೆ ಬರುವಂತಿಲ್ಲ. ಸದನದ ಹಕ್ಕುಚ್ಯುತಿ ಮಾಡಿದವರನ್ನು ಕರೆಸಿ ಅಲ್ಲಿ ನಿಲ್ಲಿಸುವ ಸಂಪ್ರದಾಯ ಬ್ರಿಟಿಷ್ ಪಾರ್ಲಿಮೆಂಟಿನಿಂದ ಭಾರತಕ್ಕೆ ಬಂತು. ‘ಬ್ಲಿಟ್ಜ್’ ವಾರಪತ್ರಿಕೆಯ ಸಂಪಾದಕ ಆರ್.ಕೆ. ಕರಂಜಿಯಾ ಅವರನ್ನು 1961ರ ಆಗಸ್ಟ್ 29ರಂದು ಲೋಕಸಭೆ ತನ್ನ ಬಾರ್‌ಗೆ ಕರೆಸಿ ವಾಗ್ದಂಡನೆ ವಿಧಿಸಿತು. ಆಚಾರ್ಯ ಕೃಪಲಾನಿಯವರ ಕುರಿತ ಬರಹ ಅದಕ್ಕೆ ಕಾರಣವಾಗಿತ್ತು.

ನ್ಯಾಯಮೂರ್ತಿಗಳ ಪದಚ್ಯುತಿಯ ವಿಚಾರಣೆಗಳಲ್ಲೂ ಈ ಸ್ಥಳ ಬಳಕೆಯಾಗಿದೆ. 1993ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಪರವಾಗಿ ವಕೀಲ ಕಪಿಲ್ ಸಿಬಲ್ ಲೋಕಸಭೆಯ ಬಾರ್‌ನಲ್ಲಿ ನಿಂತು ಗಂಟೆಗಟ್ಟಲೆ ವಾದಿಸಿದರು. ಆಡಳಿತ ಪಕ್ಷದ ಸದಸ್ಯರು ಮತದಾನದಿಂದ ದೂರ ಉಳಿದದ್ದರಿಂದ ಗೊತ್ತುವಳಿ ಬಿದ್ದುಹೋಯಿತು. 2011ರ ಆಗಸ್ಟಿನಲ್ಲಿ ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ರಾಜ್ಯಸಭೆಯ ಬಾರ್‌ನಲ್ಲಿ ತಮ್ಮ ಪರ ತಾವೇ ವಾದಿಸಿದರು. ಸದನ ಗೊತ್ತುವಳಿಯನ್ನು ಅಂಗೀಕರಿಸಿತು. ಅದು ಲೋಕಸಭೆಗೆ ಬರುವ ಮುನ್ನವೇ ಅವರು ರಾಜೀನಾಮೆ ಕೊಟ್ಟರು.

ಮದ್ಯದಂಗಡಿ

ಕರ್ನಾಟಕದಲ್ಲಿ ಬಾರ್ ಎಂದೊಡನೆ ಮೊದಲು ಹೊಳೆಯುವುದು ಕುಡಿಯುವ ಜಾಗ. ಈ ಅರ್ಥವೂ ಅಡ್ಡಪಟ್ಟಿಯಿಂದಲೇ ಬಂದದ್ದು. ಇಂಗ್ಲೆಂಡಿನ ಪಾನಗೃಹಗಳಲ್ಲಿ ಮಾರುವವನನ್ನೂ ಪೀಪಾಯಿಗಳನ್ನೂ ಗಿರಾಕಿಗಳಿಂದ ಬೇರ್ಪಡಿಸುವ ಕಟ್ಟೆಗೆ 16ನೆಯ ಶತಮಾನದ ಕೊನೆಯ ಹೊತ್ತಿಗೆ ಬಾರ್ ಎಂಬ ಹೆಸರಿತ್ತು. ಮುಂದೆ ಆ ಕಟ್ಟೆಯಿರುವ ಕೋಣೆಗೆ, ಅನಂತರ ಇಡೀ ಅಂಗಡಿಗೆ ಅದೇ ಹೆಸರು ಹರಡಿತು. ಇಟಲಿ ಈ ಪದವನ್ನು ಇಂಗ್ಲಿಷಿನಿಂದ ಪಡೆದು, ನಿಂತು ಕಾಫಿ ಕುಡಿಯುವ ಅಂಗಡಿಗೆ ಬಳಸಿತು. ಅಲ್ಲಿ ಹುಟ್ಟಿದ ಬರಿಸ್ತ ಎಂಬ ಪದ ಈಗ ಕಾಫಿ ತಯಾರಿಸುವವರ ಹೆಸರಾಗಿ ಜಗತ್ತನ್ನು ಸುತ್ತುತ್ತಿದೆ.

ಕರ್ನಾಟಕದಲ್ಲಿ ಮದ್ಯ ಮಾರಾಟ 1965ರ ಅಬಕಾರಿ ಕಾಯ್ದೆಗೂ 1968ರ ನಿಯಮಗಳಿಗೂ ಒಳಪಟ್ಟಿದೆ. ಸನ್ನದುಗಳನ್ನು ಸಂಖ್ಯೆಯಿಂದ ಗುರುತಿಸುತ್ತಾರೆ. ಸಿಎಲ್-2 ಇರುವುದು ಬಾಟಲಿ ಕೊಂಡು ಹೊರಡುವ ಚಿಲ್ಲರೆ ಅಂಗಡಿಗೆ, ಅಲ್ಲೇ ಕುಡಿಯುವಂತಿಲ್ಲ. ಸಿಎಲ್-4 ಕ್ಲಬ್ಬುಗಳಿಗೆ, ಸಿಎಲ್-7 ವಸತಿ ಹೋಟೆಲುಗಳಿಗೆ. ಕೂತು ಕುಡಿದು ಉಣ್ಣುವ ‘ಬಾರ್ ಅಂಡ್ ರೆಸ್ಟೋರೆಂಟ್’ಗೆ ಸಿಎಲ್-9. ಜನರ ಬಾಯಲ್ಲಿ ಸಿಎಲ್-2 ಅಂಗಡಿ ‘ವೈನ್ಸ್’ ಅಥವಾ ‘ವೈನ್ ಶಾಪ್’, ಅಲ್ಲಿ ದ್ರಾಕ್ಷಾರಸ ಸಿಗಲಿ ಬಿಡಲಿ.

ಈ ಅರ್ಥದ ಬಾರ್ ಅನ್ನು ಕುರಿತು ಸುಪ್ರೀಂ ಕೋರ್ಟ್ ಹಲವು ಮಹತ್ವದ ತೀರ್ಪುಗಳನ್ನು ಕೊಟ್ಟಿದೆ. ಸಾರ್ವಜನಿಕರು ಮದ್ಯ ಕುಡಿಯುವ ಸ್ಥಳದಲ್ಲಿ ಹೆಂಗಸರು ಮತ್ತು 25 ವರ್ಷದೊಳಗಿನ ಗಂಡಸರು ಕೆಲಸಕ್ಕಿರಬಾರದು ಎಂದಿದ್ದ, ದೆಹಲಿಗೂ ಅನ್ವಯಿಸುತ್ತಿದ್ದ ಪಂಜಾಬ್ ಅಬಕಾರಿ ಕಾಯ್ದೆಯ ಕಲಮನ್ನು 2007ರ ಅನೂಜ್ ಗರ್ಗ್ ಪ್ರಕರಣದಲ್ಲಿ ಅದು ಅಸಿಂಧುಗೊಳಿಸಿತು. ರಕ್ಷಣೆಯ ಹೆಸರಿನಲ್ಲಿ ಹೆಣ್ಣಿನ ದುಡಿಯುವ ಹಕ್ಕನ್ನು ಕಿತ್ತುಕೊಳ್ಳುವುದು ಸಲ್ಲದು ಎಂಬುದು ಆ ತೀರ್ಪಿನ ತಿರುಳು. ಮಹಾರಾಷ್ಟ್ರ 2005ರಲ್ಲಿ ಹೇರಿದ ಡ್ಯಾನ್ಸ್ ಬಾರ್ ನಿಷೇಧವೂ 2013ರಲ್ಲಿ ಬಿದ್ದುಹೋಯಿತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದೆಂಬ 2016ರ ಡಿಸೆಂಬರಿನ ಆದೇಶದಿಂದ ದೇಶದುದ್ದಕ್ಕೂ ಸಾವಿರಾರು ಅಂಗಡಿಗಳು ಜಾಗ ಬದಲಿಸಬೇಕಾಯಿತು.

ಅಳಿವೆಯ ಮರಳು

ಭೂಗೋಳದಲ್ಲಿ ಬಾರ್ ಎಂದರೆ ನೀರಿನಡಿಯಲ್ಲಿ ಅಥವಾ ನೀರ ಮಟ್ಟಕ್ಕೆ ಸರಿಯಾಗಿ ಉದ್ದಕ್ಕೆ ಬೆಳೆಯುವ ಮರಳಿನ ದಿಬ್ಬ. ನದಿ ಕಡಲನ್ನು ಸೇರುವಲ್ಲಿ ಅದರ ವೇಗ ಕುಗ್ಗಿ, ಹೊತ್ತು ತಂದ ಮರಳು ಕೆಳಗಿಳಿಯುತ್ತದೆ. ಅಲೆಗಳು ಕರಾವಳಿಯುದ್ದಕ್ಕೂ ಮರಳನ್ನು ಸರಿಸುತ್ತ ಆ ರಾಶಿಗೆ ಇನ್ನಷ್ಟು ಸೇರಿಸುತ್ತವೆ. ಮಳೆಗಾಲದ ನೆರೆ ಅದನ್ನು ಕಡಲಿಗೆ ನೂಕಿದರೆ, ಮಳೆ ನಿಂತ ಮೇಲೆ ಅಲೆಗಳು ಮತ್ತೆ ಕೂಡಿಸುತ್ತವೆ. ಆದ್ದರಿಂದ ದಿಬ್ಬದ ಜಾಗವೂ ಎತ್ತರವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಕರಾವಳಿ ಕರ್ನಾಟಕದಲ್ಲಿ ನದೀಮುಖಕ್ಕೆ ಅಳಿವೆ ಎನ್ನುತ್ತಾರೆ, ದೋಣಿಗಳು ಹೊರಡುವ ದಾರಿ ಅಳಿವೆ ಬಾಗಿಲು. ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಒಂದೇ ಅಳಿವೆಯಲ್ಲಿ ಕಡಲಿಗೆ ಸೇರುತ್ತವೆ. ಗುರುಪುರ ನದಿ ಕೊನೆಯ ಭಾಗದಲ್ಲಿ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಎರಡರ ನಡುವೆ ಇರುವ ಮರಳಿನ ನೀಳ ನೆಲವೇ ಬೆಂಗ್ರೆ. ಜೂನ್, ಜುಲೈ ತಿಂಗಳ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಹೊರಡುವಾಗ ಮೊದಲ ಪರೀಕ್ಷೆ ಅಳಿವೆ ಬಾಗಿಲಿನದೇ. ಹೂಳು ತುಂಬಿದ ಜಾಗದಲ್ಲಿ ಅಲೆ ಒಡೆಯುತ್ತದೆ. ಅಲ್ಲಿ ತಳ ತಾಗಿದ ಬೋಟು ಮಗುಚುವ ಅಪಾಯವಿದೆ. ಹಳೆ ಬಂದರಿಗೆ ದೊಡ್ಡ ಹಡಗು ಬರಲಾಗದ ಈ ಮಿತಿಯೇ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಲು ಒಂದು ಮುಖ್ಯ ಕಾರಣ. ಅದು 1970ರ ದಶಕದಲ್ಲಿ ಕೆಲಸ ಆರಂಭಿಸಿತು. ಉಡುಪಿ ಜಿಲ್ಲೆಯಲ್ಲಿ ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯಲ್ಲೂ ಇದೇ ಬಗೆಯ ಭೂರಚನೆ ಕಾಣುತ್ತದೆ.

ಗೆರೆ ಮತ್ತು ಪಟ್ಟಿ

ಕಾಗದದ ಮೇಲೆ ಎಳೆದ ಗೆರೆಗೂ ಬಾರ್ ಎಂಬ ಹೆಸರು ಬಂದಮೇಲೆ ಅರ್ಥಗಳ ಇನ್ನೊಂದು ಕವಲು ಒಡೆಯಿತು. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ನೇರ ಲಂಬ ಗೆರೆಗಳು ತಾಳವನ್ನು ಸಮಭಾಗಗಳಾಗಿ ಒಡೆಯುತ್ತವೆ. ಇವು ನಿಯತವಾಗಿ ಬಳಕೆಗೆ ಬಂದದ್ದು 17ನೆಯ ಶತಮಾನದಲ್ಲಿ. ಎರಡು ಗೆರೆಗಳ ನಡುವಿನ ಖಂಡವೂ ಬಾರ್ ಎನಿಸಿಕೊಂಡಿತು. ಬ್ಲೂಸ್ ಹಾಡುಗಳ ಪ್ರಸಿದ್ಧ ಚೌಕಟ್ಟು ಇಂಥ ಹನ್ನೆರಡು ಖಂಡಗಳದ್ದು. ಕರ್ನಾಟಕ ಸಂಗೀತದ ಆವರ್ತಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆವರ್ತವೆಂದರೆ ಲಘು, ದ್ರುತ ಮುಂತಾದ ಅಂಗಗಳು ಸೇರಿದ ತಾಳದ ಪೂರ್ಣ ಸುತ್ತು. ಬಾರ್ ಅದಕ್ಕಿಂತ ಸಾಮಾನ್ಯವಾಗಿ ಚಿಕ್ಕದು.

ಗಣಿತದಲ್ಲಿ ಅಕ್ಷರದ ನೆತ್ತಿಯ ಮೇಲಿನ ಗೆರೆ ಸರಾಸರಿಯನ್ನೋ ಆವರ್ತಕ ದಶಮಾಂಶವನ್ನೋ ಸೂಚಿಸುತ್ತದೆ. ಕ್ವಾಂಟಮ್ ಭೌತಶಾಸ್ತ್ರದ ‘ಎಚ್-ಬಾರ್’ ಎಂದರೆ ಪ್ಲಾಂಕ್ ಸ್ಥಿರಾಂಕವನ್ನು ಪೈಯ ಎರಡರಷ್ಟರಿಂದ ಭಾಗಿಸಿದಾಗ ಬರುವ ಬೆಲೆ.

ಬಾರ್ ಚಾರ್ಟ್‌ಗೆ ಕನ್ನಡ ಪಠ್ಯಪುಸ್ತಕಗಳಲ್ಲಿ ಸ್ತಂಭಾಲೇಖ ಎಂಬ ಹೆಸರಿದೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರ ತನ್ನ ಗ್ರಂಥದಲ್ಲಿ ಇದನ್ನು ಬಳಸಿದ. ಬೇರೆ ದೇಶಗಳ ವ್ಯಾಪಾರಕ್ಕೆ ವರ್ಷವರ್ಷದ ಅಂಕಿಗಳು ಅವನಿಗೆ ಸಿಕ್ಕಿದ್ದವು. ಸ್ಕಾಟ್ಲೆಂಡಿಗೆ ಮಾತ್ರ ಒಂದೇ ವರ್ಷದ್ದು ಸಿಕ್ಕಿತು. ಏರಿಳಿವಿನ ಗೆರೆ ಎಳೆಯಲು ಅದು ಸಾಲದೆ, 17 ದೇಶಗಳೊಡನೆ ನಡೆದ ವ್ಯಾಪಾರವನ್ನು ಅವನು ಪಟ್ಟಿಗಳಲ್ಲಿ ತೋರಿಸಿದ. ಇಂದು ಚುನಾವಣಾ ಫಲಿತಾಂಶದಿಂದ ಮಳೆಯ ಲೆಕ್ಕದವರೆಗೆ ಎಲ್ಲೆಡೆ ಕಾಣುವ ಈ ಚಿತ್ರ ಹುಟ್ಟಿದ್ದು ಅಂಕಿಅಂಶದ ಕೊರತೆಯಿಂದ.

ಬಾರ್‌ಕೋಡ್‌ಗೆ ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ 1949ರಲ್ಲಿ ಪೇಟೆಂಟ್ ಕೋರಿ 1952ರಲ್ಲಿ ಪಡೆದರು. ಮೋರ್ಸ್ ಸಂಕೇತದ ಚುಕ್ಕಿ, ಗೆರೆಗಳನ್ನು ಕೆಳಕ್ಕೆ ಎಳೆದರೆ ದಪ್ಪ, ತೆಳು ಪಟ್ಟಿಗಳಾಗುತ್ತವೆ ಎಂಬುದು ವುಡ್‌ಲ್ಯಾಂಡ್‌ಗೆ ಹೊಳೆದದ್ದು ಮಯಾಮಿ ಕಡಲತೀರದ ಮರಳಿನಲ್ಲಿ ಬೆರಳಾಡಿಸುತ್ತಿದ್ದಾಗ. ಅಗ್ಗದ ಲೇಸರ್ ಮತ್ತು ಕಂಪ್ಯೂಟರ್ ಬರುವ ತನಕ ಅದು ಪೇಟೆಂಟಿನಲ್ಲೇ ಉಳಿಯಿತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಊರಿನ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಮೇಲಿನ ಪಟ್ಟಿಗಳನ್ನು ಯಂತ್ರ ಓದಿತು. ಭಾರತದಲ್ಲಿ ನೋಂದಣಿಯಾದ ಸಂಸ್ಥೆಗಳ ಸರಕಿನ ಸಂಕೇತ 890ರಿಂದ ಆರಂಭವಾಗುತ್ತದೆ.

ಗ್ಯಾಲಕ್ಸಿಯ ಕೇಂದ್ರಭಾಗದ ನಕ್ಷತ್ರಪಟ್ಟಿಯೂ ಬಾರ್. ಸುರುಳಿ ಗ್ಯಾಲಕ್ಸಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನಲ್ಲಿ ಇಂಥ ಪಟ್ಟಿಯಿದ್ದು, ಸುರುಳಿತೋಳುಗಳು ಅದರ ತುದಿಗಳಿಂದ ಹೊರಡುತ್ತವೆ. ನಮ್ಮ ಆಕಾಶಗಂಗೆಯೂ ಇದೇ ಗುಂಪಿನದು ಎಂಬುದಕ್ಕೆ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ 2005ರಲ್ಲಿ ಬಲವಾದ ಆಧಾರ ಒದಗಿಸಿತು.

ಕ್ರೀಡೆ ಮತ್ತು ಸೇನೆ

ಜರ್ಮನಿಯ ಫ್ರೀಡ್ರಿಕ್ ಲುಡ್ವಿಗ್ ಯಾನ್ 19ನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನ ಬಯಲು ವ್ಯಾಯಾಮಶಾಲೆಯಲ್ಲಿ ರೂಢಿಗೆ ತಂದ ಉಪಕರಣಗಳು ನಮ್ಮ ವ್ಯಾಯಾಮಶಾಲೆಗಳಲ್ಲಿ ಸಿಂಗಲ್ ಬಾರ್, ಡಬಲ್ ಬಾರ್ ಎಂಬ ಹೆಸರಿನಲ್ಲಿ ನೆಲೆಸಿವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯದ ನಾಡಿಯಾ ಕೊಮನೆಚಿ ಪೂರ್ಣ 10 ಅಂಕ ಪಡೆದದ್ದು ಏರುಪೇರು ಬಾರ್‌ಗಳ ಮೇಲೆ. ಫುಟ್‌ಬಾಲ್ ಗೋಲಿನ ಅಡ್ಡಪಟ್ಟಿ ನೆಲದಿಂದ 2.44 ಮೀಟರ್ ಎತ್ತರದಲ್ಲಿರುತ್ತದೆ. ಗುರಿಯನ್ನು ಕಠಿಣಗೊಳಿಸುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಬಾರ್ ಏರಿಸುವ ಮಾತು ಎತ್ತರ ಜಿಗಿತದ ಅಂಗಳದ್ದು. ಆ ಕ್ರೀಡೆಯಲ್ಲಿ ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು.

ಸೇನೆಯಲ್ಲಿ ಒಂದೇ ಶೌರ್ಯಪದಕ ಎರಡನೆಯ ಬಾರಿ ದೊರೆತರೆ ಹೊಸ ಪದಕದ ಬದಲು, ಮೊದಲ ಪದಕದ ಪಟ್ಟಿಗೆ ಲೋಹದ ಬಾರ್ ಒಂದನ್ನು ಸೇರಿಸುತ್ತಾರೆ. ಮುಂದೆ ಭೂಸೇನೆಯ ಮುಖ್ಯಸ್ಥರಾದ ಅರುಣ್ ಶ್ರೀಧರ ವೈದ್ಯ 1965 ಮತ್ತು 1971ರ ಯುದ್ಧಗಳೆರಡರಲ್ಲೂ ಮಹಾವೀರ ಚಕ್ರ ಪಡೆದು ಈ ಗೌರವಕ್ಕೆ ಪಾತ್ರರಾದರು.

ಬೇರೆ ಮೂಲದ ಬಾರ್‌ಗಳು

ಒತ್ತಡದ ಮಾನವಾದ ಬಾರ್ ಗ್ರೀಕಿನ ‘ಬರೋಸ್’ ಎಂಬ, ಭಾರ ಎಂಬ ಅರ್ಥದ ಪದದಿಂದ ಬಂತು. ಬ್ಯಾರೊಮೀಟರ್ ಅದರ ಒಡಹುಟ್ಟು. ನಾರ್ವೆಯ ಹವಾಮಾನ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಇದನ್ನು ಬಳಕೆಗೆ ತಂದರು. ಒಂದು ಬಾರ್ ಎಂದರೆ 1,00,000 ಪಾಸ್ಕಲ್. ಕಡಲ ಮಟ್ಟದಲ್ಲಿ ಗಾಳಿಯ ಪ್ರಮಾಣಿತ ಒತ್ತಡ 1.01325 ಬಾರ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 0.91 ಬಾರ್ ಇರುವುದರಿಂದ ಅಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಅಡುಗೆಮನೆಯ ಕುಕ್ಕರ್ ಹೊರಗಿನ ಒತ್ತಡದ ಮೇಲೆ ಹೆಚ್ಚುಕಡಿಮೆ ಇನ್ನೊಂದು ಬಾರ್ ಸೇರಿಸಿ, ನೀರಿನ ಕುದಿಬಿಂದುವನ್ನು 120 ಡಿಗ್ರಿಯ ಸಮೀಪಕ್ಕೆ ಒಯ್ಯುತ್ತದೆ. ಕಡಲಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು ಒಂದು ಬಾರ್ ಹೆಚ್ಚುತ್ತದೆ. ಚಂಡಮಾರುತದ ತೀವ್ರತೆಯನ್ನು ಇದರ ಸಾವಿರದ ಒಂದು ಪಾಲಾದ ಮಿಲಿಬಾರ್‌ನಲ್ಲಿ ಹೇಳುವುದು ರೂಢಿ. 1999ರ ಅಕ್ಟೋಬರಿನ ಒಡಿಶಾ ಮಹಾಚಂಡಮಾರುತದ ಕೇಂದ್ರದಲ್ಲಿ ಒತ್ತಡ 912 ಮಿಲಿಬಾರ್‌ಗೆ ಕುಸಿದಿತ್ತು.

ಅರಮಾಯಿಕ್ ಭಾಷೆಯಲ್ಲಿ ಬಾರ್ ಎಂದರೆ ಮಗ. ಬೈಬಲಿನ ಬಾರ್ತೊಲೊಮಿಯೊ, ಬರಬ್ಬ ಎಂಬ ಹೆಸರುಗಳ ಮೊದಲ ಭಾಗ ಇದೇ. 13 ತುಂಬಿದ ಯಹೂದಿ ಹುಡುಗ ಧರ್ಮವಿಧಿಗಳಿಗೆ ಬದ್ಧನಾಗುವ ಬಾರ್ ಮಿಟ್ಜ್ವಾದಲ್ಲೂ ಇರುವುದು ಈ ಪದ. ಪಾಕಿಸ್ತಾನದ ಪಂಜಾಬಿನಲ್ಲಿ ನದಿಗಳ ನಡುವಿನ ಎತ್ತರದ ಒಣನೆಲಕ್ಕೆ ಬಾರ್ ಎನ್ನುತ್ತಾರೆ. ರಾವಿ, ಚಿನಾಬ್‌ಗಳ ನಡುವಿನದು ಸಾಂದಲ್ ಬಾರ್. ಮಾಂಟೆನೆಗ್ರೊದ ಬಂದರು ಒಂದಕ್ಕೂ ಉಕ್ರೇನಿನ ಪಟ್ಟಣ ಒಂದಕ್ಕೂ ಬಾರ್ ಎಂದೇ ಹೆಸರು. ಉಕ್ರೇನಿನದಕ್ಕೆ ಪೋಲೆಂಡಿನ ರಾಣಿ ಬೋನಾ ಸ್ಫೋರ್ಜಾ ಇಟಲಿಯ ತನ್ನ ತವರು ಬಾರಿಯ ನೆನಪಿಗೆ ಆ ಹೆಸರಿಟ್ಟಳು.

ಕನ್ನಡದಲ್ಲಿ ಬಾರ್

ಕನ್ನಡದ ಬಾರು ಎಂದರೆ ತೊಗಲಿನ ಪಟ್ಟಿ. ಎತ್ತು ಹೊಡೆಯುವ ಬಾರುಕೋಲು ಅದರಿಂದ ಆದದ್ದು. ತುಳುವಿನಲ್ಲಿ ಬಾರ್ ಎಂದರೆ ಭತ್ತ. ಇವೆರಡಕ್ಕೂ ಇಂಗ್ಲಿಷಿನ ಪದಕ್ಕೂ ಸಂಬಂಧವಿಲ್ಲ.

ಎರವಲಿನ ಬಾರ್ ಕನ್ನಡದಲ್ಲಿ ನೆಲೆಯೂರಿರುವುದು ಹೊರಗಿನಿಂದ ಹೊಸದಾಗಿ ಬಂದ ವಸ್ತು, ವ್ಯವಸ್ಥೆಗಳ ಹೆಸರಾಗಿ: ಮದ್ಯದ ಬಾರ್, ಬಾರ್‌ಕೋಡ್, ಟಿಎಂಟಿ ಬಾರ್, ಒತ್ತಡದ ಮಾನ, ಕಂಪ್ಯೂಟರಿನ ಟಾಸ್ಕ್‌ಬಾರ್. ಇಂಗ್ಲಿಷರಿಗಿಂತ ಮೊದಲೇ ನಾಡಿನಲ್ಲಿದ್ದ ವಸ್ತುಗಳ ಬಳಿಗೆ ಅದು ಸುಳಿದಿಲ್ಲ. ಅಗುಳಿ, ಕಂಬಿ, ಹಾರೆ, ಗಟ್ಟಿ, ಅಳಿವೆ ಎಂಬ ಪದಗಳು ತಮ್ಮ ಜಾಗವನ್ನು ಬಿಟ್ಟುಕೊಟ್ಟಿಲ್ಲ. ನ್ಯಾಯಾಲಯದ ಅರ್ಥ ಇವೆರಡರ ನಡುವೆ ನಿಂತಿದೆ. ಬರಹದಲ್ಲಿ ವಕೀಲರ ಸಂಘ, ವಕೀಲರ ಪರಿಷತ್ತು ಎಂದರೂ ಕೋರ್ಟಿನ ಆವರಣದಲ್ಲಿ ಬಾರ್ ಅಸೋಸಿಯೇಷನ್, ಬಾರ್ ಕೌನ್ಸಿಲ್ ಎಂಬ ಮಾತೇ ಕೇಳಿಬರುತ್ತದೆ. ಬಿಡಿಯಾಗಿ ಬಾರ್ ಎಂದರೆ ಕನ್ನಡಿಗರಿಗೆ ಮದ್ಯದಂಗಡಿಯೇ. ಉಳಿದ ಯಾವುದೇ ಅರ್ಥ ಬೇಕಾದರೂ ಪದದ ಹಿಂದೆಯೋ ಮುಂದೆಯೋ ಇನ್ನೊಂದು ಪದ ಸೇರಲೇಬೇಕು.